ಅಪ್‌ಡೇಟ್: ದೊಡೊಮಾದಲ್ಲಿ ಕೊನೆಗೂ ಜೋಳದ ರೊಟ್ಟಿ

ಟಾಂಜಾನಿಯಾದ ದೊಡೊಮಾ ಸಮೀಪದ ಹಳ್ಳಿಶಾಲೆಯಲ್ಲಿ ಸ್ವಯಂಸೇವಕಿಯಾಗಿ ಗಣಿತ ಕಲಿಸುತ್ತಿರುವ ಮಗಳಿಗೆ ಅಲ್ಲಿನ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಆಗುತ್ತಿಲ್ಲ, ಅಂಚು ಸೀಳುತ್ತದೆ, ಏನು ಮಾಡಬೇಕು ಎಂದು ಈ ಹಿಂದೆ ವಿಜಯಪುರದಿಂದ ಪ್ರಶ್ನೆ ಕೇಳಿದ್ದೆ. ಈಗ ರೊಟ್ಟಿ ಆಗುತ್ತಿದೆ, ಉಬ್ಬುತ್ತಲೂ ಇದೆಯಂತೆ.

ಕೆಲಸಕ್ಕೆ ಬಂದದ್ದು ಅದಕ್ಕೆ ಉತ್ತರಿಸಿದ ಜಮಖಂಡಿಯ ಅಕ್ಕನವರ ಸಲಹೆ. ಅಂಗಡಿಯ ಪೊಟ್ಟಣದ ಹಿಟ್ಟು ಬಿಟ್ಟು, ಜೋಳ ಕೊಂಡು ಗಿರಣಿಯಲ್ಲಿ ಹೊಸದಾಗಿ ಬೀಸಿಸಬೇಕು. ಕುದಿಯುವ ಎಸರನ್ನೇ ಹಿಟ್ಟಿಗೆ ಸುರಿದು, ಕೈ ತಾಳುವಷ್ಟು ಆರಿದ ಮೇಲೆ ಗಟ್ಟಿಯಾಗಿ ನಾದಬೇಕು. ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲವಲ್ಲ, ಬಿಸಿನೀರಿಗೆ ಪಿಷ್ಟ ಬೆಂದರೇ ಜಿಗಿ. ಗೋಧಿಹಿಟ್ಟು ಬೆರೆಸಿದಾಗ ಹರಿಯಲಿಲ್ಲ ನಿಜ, ಆದರೆ ಅದನ್ನು ರೊಟ್ಟಿ ಎನ್ನಲು ನನ್ನ ಮನಸ್ಸು ಒಪ್ಪದು. ಇಲ್ಲಿಂದ ಕಡಕ್ ರೊಟ್ಟಿ ಪಾರ್ಸೆಲ್ ಕಳಿಸುವ ವಿಚಾರವನ್ನು ದರ ಕೇಳಿಯೇ ಕೈಬಿಟ್ಟೆವು.

ದೊಡೊಮಾ ಕೂಡ ನಮ್ಮಂತೆ ಮಳೆ ಕಡಿಮೆಯ ಸೀಮೆ. ಜೋಳ, ಸಜ್ಜೆ ಎರಡನ್ನೂ ಬೆಳೆಯುತ್ತಾರೆ. ಆದರೆ ಹಿಟ್ಟನ್ನು ತಟ್ಟುವುದಿಲ್ಲ, ಕುದಿಯುವ ನೀರಿನಲ್ಲಿ ತಿರುವಿ ಉಗಾಲಿ ಮಾಡಿ ಸೊಪ್ಪಿನ ಪಲ್ಯದೊಂದಿಗೆ ಕೈಯಲ್ಲೇ ಉಣ್ಣುತ್ತಾರೆ. ನಮ್ಮ ಸಂಗಟಿಯೇ! ಶಾಲೆ ಮುಗಿಸಿ, ನೀರು ತಂದು, ಇದ್ದಿಲ ಒಲೆ ಹಚ್ಚುವಷ್ಟರಲ್ಲಿ ಸುಸ್ತಾಗುವುದರಿಂದ ವಾರದ ದಿನಗಳಲ್ಲಿ ಅವಳಿಗೂ ಉಗಾಲಿಯೇ, ರೊಟ್ಟಿ ರವಿವಾರಕ್ಕೆ ಮಾತ್ರ.

ಅಲ್ಲಿಗೆ ಹೋಗುವವರಿಗೆ ಇನ್ನೊಂದು ವಿಷಯ: ಅಲ್ಲಿನ ಸ್ವಾಹಿಲಿ ಭಾಷೆ ಆಡುವ ಜನ ಗಂಟೆಗಳನ್ನು ಬೆಳಗಿನಿಂದ ಎಣಿಸುತ್ತಾರೆ. ನಮ್ಮ ಬೆಳಗಿನ 7 ಅವರ 1. ಗಿರಣಿ 3 ಗಂಟೆಗೆ ತೆರೆಯುತ್ತದೆ ಎಂದರೆ ಬೆಳಿಗ್ಗೆ 9ಕ್ಕೇ ಜೋಳದ ಚೀಲದೊಂದಿಗೆ ಹೋಗಿ.