ಎಂಜಿನ್ ‘ರಿಚ್’ ಓಡುತ್ತಿದೆ: ಇದಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿತ್ತು, ಗ್ಯಾರೇಜಿನದು. ಹಳೇ ಕಾರು ಇಟ್ಟುಕೊಂಡಿರುವ ನಾಲ್ಕೈದು ಗೆಳೆಯರಿಗಾಗಿ ಕಾರ್ಬೊರೇಟರ್ (ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿಕೊಡುವ ಭಾಗ) ಟ್ಯೂನಿಂಗ್ ಬಗ್ಗೆ ಹತ್ತು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಎರಡನೇ ಪುಟದಲ್ಲೇ ಗಾಡಿ ನಿಂತಿದೆ. ಎಂಜಿನ್ ‘ರಿಚ್’ ಓಡುತ್ತಿದೆ, ‘ಲೀನ್’ ಓಡುತ್ತಿದೆ ಅಂತಾರಲ್ಲ, ಆ ಜೋಡಿಗೆ ನಿಮ್ಮ ಕಡೆ ಏನನ್ನುತ್ತಾರೆ?

ಇದರ ಪರಿಚಯ ಇಲ್ಲದವರಿಗೆ ಎರಡು ಮಾತು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ 11, 12ಕ್ಕೆ ಇಳಿದರೆ ರಿಚ್, 16, 17ಕ್ಕೆ ಏರಿದರೆ ಲೀನ್. ರಿಚ್ ಅನ್ನುವುದು ಯಾವಾಗಲೂ ಕಾಯಿಲೆಯಲ್ಲ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ, ತುಂಬಿದ ಗಾಡಿ ಏರು ಹತ್ತುವಾಗ ಅದೇ ಬೇಕು. ಹಾಗಾಗಿ ‘ಹದ ತಪ್ಪಿದೆ’ ಅಂತ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ, ಯಾವ ಕಡೆಗೆ ತಪ್ಪಿದೆ ಅಂತಲೂ ಹೇಳಬೇಕು.

ಮೊದಲು ‘ಸಮೃದ್ಧ ಮಿಶ್ರಣ’ ಅಂತ ಬರೆದೆ. ಓದಿದ ತಂಗಿ, “ಏನಣ್ಣ, ಕಾರಿಗೆ ಸುಗ್ಗಿಯಾ?” ಅಂದಳು. ಹೊಡೆದು ಹಾಕಿದೆ.

ಆಮೇಲೆ ‘ಗಟ್ಟಿ’, ‘ತೆಳು’. ಸಾರು, ಮಜ್ಜಿಗೆ, ಡಿಕಾಕ್ಷನ್ ಎಲ್ಲಕ್ಕೂ ಒಗ್ಗಿದ ಮಾತು, ಒಂದೆರಡು ಪುಟ ಚೆನ್ನಾಗೇ ಓಡಿತು. ಘಾಟಿಯ ಅಧ್ಯಾಯ ಬಂದಾಗ ಸಿಕ್ಕಿಹಾಕಿಕೊಂಡೆ. ಪುತ್ತೂರಿನಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಗಾಡಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮುಟ್ಟುವಾಗ ಸ್ವಲ್ಪ ರಿಚ್ ಆಗಿರುತ್ತದೆ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲು ತೆಳುವಾಗುತ್ತದೆ, ಪೆಟ್ರೋಲ್ ಮಾತ್ರ ಆ ಲೆಕ್ಕದಲ್ಲಿ ತಗ್ಗುವುದಿಲ್ಲ. ಇದನ್ನು ಬರೆಯಲು ಹೋದರೆ ‘ಗಾಳಿ ತೆಳುವಾದಂತೆ ಮಿಶ್ರಣ ಗಟ್ಟಿಯಾಗುತ್ತದೆ’ ಅಂತಾಯಿತು! ನಾನೇ ಮೂರು ಸಲ ಓದಿದೆ. ತಪ್ಪೇನಿಲ್ಲ, ಆದರೆ ಓದುವವನು ಎಡವುತ್ತಾನೆ.

ಜರ್ಮನ್ನರು ಇದಕ್ಕೆ ‘ಫೆಟ್’ ಅನ್ನುತ್ತಾರೆ, ಅಂದರೆ ಕೊಬ್ಬಿದ್ದು. ಲೀನ್‌ಗೆ ‘ಮಾಗರ್’, ಬಡಕಲು. ಫ್ರೆಂಚಿನಲ್ಲಿ ಶ್ರೀಮಂತ, ಬಡವ. ಜರ್ಮನ್ ದಾರಿ ಹಿಡಿದರೆ ನಮಗೆ ‘ಕೊಬ್ಬಿದ’, ‘ಸೊರಗಿದ’ ಸಿಗುತ್ತವೆ. ‘ಸೊರಗಿದ ಮಿಶ್ರಣ’ ನನಗೆ ತುಂಬಾ ಹಿಡಿಸಿತು. ಆದರೆ ‘ಎಂಜಿನ್ ಕೊಬ್ಬಿದೆ’ ಅಂದರೆ ಬೈದ ಹಾಗೆ ಕೇಳುತ್ತೆ, ಅಲ್ವಾ? ಲೀಟರಿಗೆ ಐದು ಕಿಲೋಮೀಟರ್ ಕೊಡುವ ಗಾಡಿಗೆ ಬೈದರೂ ತಪ್ಪಿಲ್ಲ ಬಿಡಿ.

ಇನ್ನು ಗ್ಯಾರೇಜಿನ ಮಾತು. ನನ್ನದು ದೊಡ್ಡಪ್ಪ ಬಿಟ್ಟುಹೋದ 1972ರ ಅಂಬಾಸಿಡರ್, 1489 ಸಿಸಿ, ಎಸ್‌ಯು ಕಂಪನಿಯ ಕಾರ್ಬೊರೇಟರ್. ಹೋದ ತಿಂಗಳು ಕಪ್ಪು ಹೊಗೆ, ಹಸಿ ಪೆಟ್ರೋಲ್ ವಾಸನೆ, ನಾಲ್ಕೂ ಪ್ಲಗ್ಗಿಗೆ ಒಣ ಮಸಿ. ನಾನು ಪುಸ್ತಕ ಓದಿದವನಲ್ಲವಾ, ಪೆಟ್ರೋಲ್ ತಗ್ಗಿಸಲು ಕಾರ್ಬೊರೇಟರಿನ ಕೆಳಗಿನ ಆರು ಮುಖದ ನಟ್ಟನ್ನು ಎರಡು ಮುಖ ಮೇಲಕ್ಕೆ ತಿರುಗಿಸಿದೆ. ಹೊಗೆ ಹಾಗೇ ಇತ್ತು. ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋಗಿ ‘ರಿಚ್ ಆಗಿದೆ’ ಅಂದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಪೆಟ್ರೋಲ್ ಜಾಸ್ತಿ ಉಂಟಾ, ಗಾಳಿ ಕಮ್ಮಿ ಉಂಟಾ ಮಾರಾಯ್ರೆ?”

ನಾನು ಬೆಪ್ಪಾಗಿ ನಿಂತೆ. ರಿಚ್ ಅಂದರೆ ಎರಡೂ ಆಗಬಹುದು, ಆ ಪದ ಕಾರಣವನ್ನು ಒಳಗೇ ಮುಚ್ಚಿಟ್ಟುಕೊಂಡಿದೆ. ಅವರು ಏರ್ ಫಿಲ್ಟರ್ ಬಿಚ್ಚಿ ಎಂಜಿನ್ ಓಡಿಸಿದರು. ಹೊಗೆ ಬದಲಾಗಲಿಲ್ಲ. ಅಂದರೆ ಗಾಳಿ ಕಟ್ಟಿಲ್ಲ, ಪೆಟ್ರೋಲೇ ಜಾಸ್ತಿ. ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ಉಕ್ಕಿ ತೊಟ್ಟಿಕ್ಕುತ್ತಿದೆಯಾ ನೋಡಿದರು, ಇಲ್ಲ. ಆಮೇಲೆ ಜೆಟ್ಟನ್ನು (ಪೆಟ್ರೋಲ್ ಹೊರಬರುವ ಸಣ್ಣ ನಳಿಗೆ) ಬೆರಳಲ್ಲಿ ಮೇಲಕ್ಕೆ ಒತ್ತಿದರು, ಅದು ಪೂರ್ತಿ ಏರಲೇ ಇಲ್ಲ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಕೇಬಲ್ ಹೊಸದಾಗಿ ಹಾಕಿದ್ದವನು ನಾನೇ, ಸ್ವಲ್ಪವೂ ಸಡಿಲ ಬಿಡದೆ ಬಿಗಿದಿದ್ದೆ. ಅದು ಜೆಟ್ಟನ್ನು ಸದಾ ಒಂಚೂರು ಕೆಳಕ್ಕೆ ಎಳೆದು ಹಿಡಿದಿತ್ತು. ಎರಡು ನಿಮಿಷದ ಕೆಲಸ. ನಾನು ಸುಮ್ನೆ ಕೆಡಿಸಿದ ನಟ್ಟನ್ನು ಮತ್ತೆ ಸರಿಮಾಡಲು ಅರ್ಧ ಗಂಟೆ ಹೋಯಿತು.

ಅಂದಹಾಗೆ ಈ ‘ಚೋಕ್’ ಕೂಡ ಮೋಸದ ಪದವೇ. ಇಂಗ್ಲಿಷಿನಲ್ಲಿ ಉಸಿರು ಕಟ್ಟಿಸುವುದು ಅಂತ ಅರ್ಥ, ಬೇರೆ ಎಷ್ಟೋ ಕಾರ್ಬೊರೇಟರುಗಳಲ್ಲಿ ಅದು ನಿಜವಾಗಿ ಗಾಳಿ ಮುಚ್ಚುತ್ತದೆ. ಎಸ್‌ಯುನಲ್ಲಿ ಗಾಳಿಯ ತಂಟೆಗೇ ಹೋಗುವುದಿಲ್ಲ. ಜೆಟ್ ಕೆಳಗಿಳಿಯುತ್ತದೆ, ಚೂಪು ಸೂಜಿಯ ಸುತ್ತ ಸಂದು ದೊಡ್ಡದಾಗುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಹೆಸರು ಮಾತ್ರ ಚೋಕ್.

ಮಸಿಯ ವಿಷಯದಲ್ಲಿ ಕನ್ನಡ ನನಗೆ ಕೈಕೊಡಲಿಲ್ಲ. ಮುಟ್ಟಿದರೆ ಬೆರಳಿಗೆ ಕಾಡಿಗೆಯ ಹಾಗೆ ಹತ್ತುವ ಒಣಮಸಿ ಪೆಟ್ರೋಲಿನದು. ಜಿಡ್ಡು ಜಿಡ್ಡಾಗಿ ಹೊಳೆಯುವುದು ಎಂಜಿನ್ ಆಯಿಲಿನದು, ಅದರ ಹೊಗೆ ನೀಲಿ, ರೋಗವೂ ಬೇರೆ. ‘ಕಾಡಿಗೆ’, ‘ಜಿಡ್ಡು’ ಅಂತ ಎರಡೇ ಪದದಲ್ಲಿ ಕೆಲಸ ಮುಗಿಯಿತು.

‘ಪೆಟ್ರೋಲ್ ಕುಡಿಯುತ್ತೆ’ ಬೇಡ. ಬ್ರೇಕ್ ಹಿಡಿದುಕೊಂಡಿದ್ದರೂ, ಟೈರಿನಲ್ಲಿ ಗಾಳಿ ಕಮ್ಮಿಯಿದ್ದರೂ ಗಾಡಿ ಪೆಟ್ರೋಲ್ ಕುಡಿಯುತ್ತದೆ. ‘ಓವರ್ ಆಗಿದೆ’ ಅಂತಲೂ ಕೇಳಿದ್ದೇನೆ, ಆದರೆ ಅದರ ಜೋಡಿ ಯಾವುದು?

ಸದ್ಯಕ್ಕೆ ಕಾರಣ ಹೇಳುವ ಕಡೆ ಮೆಕ್ಯಾನಿಕ್ ಹೇಳಿದಂತೆ ‘ಪೆಟ್ರೋಲ್ ಜಾಸ್ತಿ’, ‘ಗಾಳಿ ಕಮ್ಮಿ’ ಅಂತ ಬಿಡಿಸಿಯೇ ಬರೆಯುತ್ತಿದ್ದೇನೆ. ಕಾರಣ ಇನ್ನೂ ಗೊತ್ತಾಗದೆ ಬರೀ ಸ್ಥಿತಿ ಹೇಳಬೇಕಾದ ಕಡೆ ಮಾತ್ರ ಒಂದು ಪದ ಬೇಕೇ ಬೇಕು. ಧಾರವಾಡ, ಕಲಬುರಗಿ, ಮೈಸೂರು ಕಡೆಯ ಹಳೇ ಗ್ಯಾರೇಜುಗಳಲ್ಲಿ ಏನಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. ನಾನು ನಿಂತಿರುವ ವಾಕ್ಯ ಇದು, ಖಾಲಿ ಜಾಗ ನೀವೇ ತುಂಬಿಕೊಡಿ:

‘ಪಕ್ಕದ ಪಿನ್ ಒತ್ತಿ ಕಾರ್ಬೊರೇಟರಿನ ಪಿಸ್ಟನ್ನನ್ನು ಸುಮಾರು 1 ಮಿ.ಮೀ. ಎತ್ತಿದಾಗ ಎಂಜಿನ್ ನಿಂತುಹೋದರೆ ಮಿಶ್ರಣ ಸೊರಗಿದೆ. ವೇಗ ಏರಿ, ಇಳಿಯದೆ ಅಲ್ಲೇ ನಿಂತರೆ ಮಿಶ್ರಣ ________.’