ಹಗ್ಗ ಬಿಗಿಯಬೇಕೋ ಬೇಡವೋ: ಮೂಲಮನೆ ಬಳಗದಲ್ಲಿ ಒಂದು ಸಂಜೆಯ ವಾದ

ದೊಡ್ಡಪ್ಪ, ಸಂಜೆ 6:42
[ಹಂಚಿಕೊಂಡ ಚಿತ್ರ: ಹಾವು ಕಚ್ಚಿದರೆ ತಕ್ಷಣ ಮಾಡಬೇಕಾದ ನಾಲ್ಕು ಕೆಲಸ. ಗಾಯದ ಮೇಲ್ಭಾಗವನ್ನು ಹಗ್ಗದಿಂದ ಬಿಗಿಯಿರಿ. ಬ್ಲೇಡಿನಿಂದ ಗೀರಿ ರಕ್ತ ಹರಿಸಿ. ಸಿರಿಂಜಿನಿಂದ ವಿಷ ಎಳೆಯಿರಿ. ಹತ್ತಿರದ ನಾಟಿ ವೈದ್ಯರನ್ನು ಕಾಣಿರಿ.]
ಮಳೆ ಹಿಡಿದಿದೆ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವವರು ಇನ್ನು ದಿನವಿಡೀ ತೋಟದಲ್ಲೇ ಇರುತ್ತಾರೆ. ಎಲ್ಲರೂ ಇದನ್ನು ಓದಿ, ನಿಮ್ಮ ನಿಮ್ಮ ಮನೆಯ ಕೆಲಸದವರಿಗೂ ತಿಳಿಸಬೇಕು.

ನಾನು, 6:58
ದೊಡ್ಡಪ್ಪಾ, ನೀವು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದೀರಿ. ಆದರೆ ಈ ನಾಲ್ಕು ಕೆಲಸಗಳಲ್ಲಿ ಒಂದೂ ಸರಿಯಿಲ್ಲ, ಮೊದಲನೆಯದಂತೂ ಕಾಲನ್ನೇ ಕಳೆಯಬಲ್ಲದು. ದಯವಿಟ್ಟು ಕೆಲಸದವರಿಗೆ ಇದನ್ನು ತೋರಿಸಬೇಡಿ.

ದೊಡ್ಡಪ್ಪ, 7:05
ತಂಗೀ, ನೀನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಒಪ್ಪಿದೆ. ಆದರೆ ಅಪ್ಪಯ್ಯ ನಲವತ್ತು ವರ್ಷ ಇದೇ ಜಗಲಿಯಲ್ಲಿ ಬೇರು ತೇಯ್ದು ಕೊಟ್ಟವರು. ರಾತ್ರಿ ಎಷ್ಟು ಹೊತ್ತಿಗೆ ಬಂದು ಬಾಗಿಲು ಬಡಿದರೂ ಎದ್ದು ಬೇರು ತೇಯುತ್ತಿದ್ದರು, ಒಂದು ಪೈಸೆ ಮುಟ್ಟಿದವರಲ್ಲ. ಅವರ ಕೈಯಲ್ಲಿ ಒಬ್ಬರೂ ಸತ್ತದ್ದನ್ನು ನಾನು ಕಂಡಿಲ್ಲ. ಅವರೂ ಕಟ್ಟು ಹಾಕಿಸುತ್ತಿದ್ದರು.

ಶಿರಸಿ ಭಾವ, 7:09
ಮಾವಯ್ಯ ಹೇಳಿದ್ದರಲ್ಲಿ ಅರ್ಥವಿದೆ. ಕಾಲುವೆಯ ನೀರನ್ನು ತಡೆಯಬೇಕಾದರೆ ಅಡ್ಡ ಹಾಕಲೇಬೇಕಲ್ಲ? ವಿಷ ಮೇಲೇರದಂತೆ ತಡೆದರೆ ತಪ್ಪೇನು ಎಂಬುದನ್ನು ಬಿಡಿಸಿ ಹೇಳಿದರೆ ನಮಗೂ ತಿಳಿಯುತ್ತದೆ.

ನಾನು, 7:31
ಭಾವಾ, ಬಿಡಿಸಿಯೇ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ವಾರ್ಡಿಗೆ ಬಂದ ಒಬ್ಬರ ಕಾಲಿಗೆ ಮೂರು ಕಡೆ ಕಟ್ಟಿದ್ದರು: ಮೊಣಕಾಲಿನ ಮೇಲೆ ಟವೆಲ್, ಕೆಳಗೆ ಸೈಕಲ್ ಟ್ಯೂಬಿನ ತುಂಡು, ಅದರ ಕೆಳಗೆ ಬಾಳೆಪಟ್ಟೆ. ಬೆರಳುಗಳು ಕಳಿತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು, ಟ್ಯೂಬು ಚರ್ಮದೊಳಗೆ ಹೂತು ಕಾಣುತ್ತಲೇ ಇರಲಿಲ್ಲ. ಕಚ್ಚಿದ್ದು ಕೊಳಕುಮಂಡಲ. ಅದರ ವಿಷ ರಕ್ತವನ್ನು ಕೆಡಿಸುವುದರ ಜೊತೆಗೆ ಕಚ್ಚಿದ ಜಾಗದ ಮಾಂಸವನ್ನೂ ಕೊಳೆಸುತ್ತದೆ. ಅಂಥ ವಿಷವನ್ನು ಒಂದೇ ಜಾಗದಲ್ಲಿ ಕೂಡಿಹಾಕಿ, ಆ ಜಾಗಕ್ಕೆ ರಕ್ತವೂ ಹೋಗದಂತೆ ಮಾಡಿದರೆ, ಹಾವು ಮಾಡದೆ ಬಿಟ್ಟ ಹಾನಿಯನ್ನು ಹಗ್ಗ ಮಾಡಿ ಮುಗಿಸುತ್ತದೆ. ಕಾಲುವೆಯ ಅಡ್ಡದ ಮಾತು ಬಂತಲ್ಲ, ಅಡ್ಡವನ್ನು ಒಮ್ಮೆಲೇ ಕಿತ್ತರೆ ಏನಾಗುತ್ತದೆಂಬುದು ನಿಮಗೇ ಗೊತ್ತು. ಆ ದಿನ ಔಷಧಿಯನ್ನು ಡ್ರಿಪ್‌ನಲ್ಲಿ ಏರಿಸಲು ಶುರುಮಾಡಿ, ವೈದ್ಯರು ಪಕ್ಕದಲ್ಲೇ ನಿಂತು, ಒಂದೊಂದಾಗಿ ಸಡಿಲಿಸಬೇಕಾಯಿತು. ಹಾಗಾಗಿ ಯಾರಾದರೂ ಈಗಾಗಲೇ ಬಿಗಿದಿದ್ದರೆ ದಾರಿಯಲ್ಲಿ ಗಾಬರಿಯಿಂದ ಕತ್ತರಿಸಬೇಡಿ, ಆಸ್ಪತ್ರೆಯಲ್ಲೇ ಬಿಚ್ಚಲಿ.

ಬ್ಲೇಡಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಮೈಯಲ್ಲಿರುವಾಗ ಚರ್ಮ ಗೀರಿದರೆ ಆ ರಕ್ತ ನಿಲ್ಲುವುದಿಲ್ಲ. ಸಿರಿಂಜಿಗೆ ಬರುವುದೂ ರಕ್ತವೇ, ವಿಷವಲ್ಲ.

ನಾನು, 7:44
ಅಜ್ಜನ ವಿಷಯವನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ದೊಡ್ಡಪ್ಪಾ, ಸಿಟ್ಟಾಗಬೇಡಿ. ನಮ್ಮ ತೋಟದಲ್ಲಿ ಕಾಣುವ ಹಾವುಗಳಲ್ಲಿ ಕೇರೆ, ನೀರುಹಾವು, ಹಸಿರುಹಾವುಗಳೇ ಹೆಚ್ಚು. ನಾಗರ, ಮಂಡಲಗಳು ಕಚ್ಚಿದಾಗಲೂ ಎಷ್ಟೋ ಸಲ ವಿಷ ಬಿಡುವುದಿಲ್ಲ. ಅಂಥವರು ಬೇರು ತೇಯ್ದು ಕುಡಿದರೂ ಬದುಕುತ್ತಾರೆ, ಒಂದು ಲೋಟ ಕಾಫಿ ಕುಡಿದರೂ ಬದುಕುತ್ತಾರೆ. ಜಗಲಿಯಿಂದ ಎದ್ದು ಹೋದವರ ಲೆಕ್ಕ ನಮ್ಮ ಮನೆಯಲ್ಲಿದೆ, ಜಗಲಿಗೆ ತಲುಪದೆ ಹೋದವರ ಲೆಕ್ಕ ಅವರವರ ಮನೆಯಲ್ಲಿದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಇವರಲ್ಲಿ ಬಹಳಷ್ಟು ಮಂದಿ ಸತ್ತದ್ದು ಆಸ್ಪತ್ರೆಯ ಹೊರಗೆ.

ಅಜ್ಜ ಮಾಡುತ್ತಿದ್ದ ಒಂದು ಕೆಲಸ ಮಾತ್ರ ಇಂದಿಗೂ ಸರಿಯೇ. ಕಚ್ಚಿಸಿಕೊಂಡವರನ್ನು ಅವರು ನಡೆಯಗೊಡುತ್ತಿರಲಿಲ್ಲ, ಕಂಬಳಿಯಲ್ಲಿ ಹೊತ್ತು ತರಿಸುತ್ತಿದ್ದರು ಎಂದು ನೀವೇ ಹೇಳಿದ್ದೀರಿ. ಸ್ನಾಯು ಆಡಿದಷ್ಟೂ ವಿಷ ಬೇಗ ಹರಡುತ್ತದೆ.

ಮೆಲ್ಬರ್ನ್ ತಮ್ಮ, 7:52
ಅಕ್ಕಾ, ಇಲ್ಲಿ ನಮಗೆ ಆಫೀಸಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟಾಗ, ಹಾವು ಕಚ್ಚಿದರೆ ಇಡೀ ಕಾಲಿಗೆ ಅಗಲದ ಕ್ರೇಪ್ ಬ್ಯಾಂಡೇಜನ್ನು ಒತ್ತಾಗಿ ಸುತ್ತಬೇಕೆಂದು ಕಲಿಸಿದರು, ನನ್ನ ಕೈಯಲ್ಲೇ ಸುತ್ತಿಸಿದರು. ಹಾಗಾದರೆ ಅದೂ ತಪ್ಪೇ?

ನಾನು, 8:03
ಅಲ್ಲಿ ಅದು ಸರಿ. 1970ರ ದಶಕದ ಕೊನೆಯಲ್ಲಿ ಸ್ಟ್ರುವನ್ ಸದರ್ಲೆಂಡ್ ಎಂಬ ವೈದ್ಯವಿಜ್ಞಾನಿ ಆಸ್ಟ್ರೇಲಿಯಾದ ಹಾವುಗಳಿಗಾಗಿಯೇ ಆ ವಿಧಾನವನ್ನು ರೂಪಿಸಿದರು. ಅಲ್ಲಿ ಮಂಡಲದ ಜಾತಿಯ ಹಾವುಗಳಿಲ್ಲ, ಕಚ್ಚಿದ ಜಾಗ ನಮ್ಮಲ್ಲಿಯಂತೆ ಕೊಳೆಯುವುದು ಅಪರೂಪ. ನಮ್ಮ ಊರಿನಲ್ಲಿ ಕತ್ತಲಲ್ಲಿ ಕಚ್ಚಿದ್ದು ನಾಗರವೋ ಮಂಡಲವೋ ತಿಳಿಯದಿರುವಾಗ ಆ ಒತ್ತುಕಟ್ಟನ್ನು ಸುತ್ತುವುದು ಕ್ಷೇಮವಲ್ಲ ಎಂಬ ಕಾರಣಕ್ಕೆ ಇಲ್ಲಿ ಅದನ್ನು ಕಲಿಸುವುದಿಲ್ಲ.

ಶಿರಸಿ ಭಾವ, 8:11
ನೀನು ಇಷ್ಟು ಹೇಳಿದ ಮೇಲೆ ನಾನೂ ಒಂದು ಕೇಳುತ್ತೇನೆ. ನಿಮ್ಮ ಇಂಜೆಕ್ಷನ್ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕೇ ಹಾವುಗಳ ವಿಷಕ್ಕೆ. ನಮ್ಮ ಕಾಡಿನ ಅಂಚಿನಲ್ಲಿ ತರಗೆಲೆಯೊಳಗೆ ಬಿದ್ದಿರುವ, ಮೂಗು ಮೇಲಕ್ಕೆ ಚೂಪಾಗಿರುವ ಸಣ್ಣ ಮಂಡಲಕ್ಕೆ ಅದು ನಾಟುವುದಿಲ್ಲವೆಂದು ನಾನು ಓದಿದ್ದೇನೆ. ಹಾಗಿದ್ದ ಮೇಲೆ ಆಸ್ಪತ್ರೆಗೆ ಓಡಿ ಪ್ರಯೋಜನವೇನು?

ನಾನು, 8:26
ಭಾವಾ, ನೀವು ಓದಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆ ಔಷಧಿಗೆ ಬೇಕಾದ ವಿಷವನ್ನು ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಲ್ಲಿ ಹಾವುಗಳಿಂದ ತೆಗೆಯುತ್ತಾರೆ. ಅದನ್ನು ಕುದುರೆಗಳಿಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಕುದುರೆಯ ರಕ್ತದಿಂದ ಔಷಧಿ ಮಾಡುತ್ತಾರೆ. ನೀವು ಹೇಳಿದ ಹಾವು ಆ ನಾಲ್ಕರಲ್ಲಿ ಇಲ್ಲ. ಆದರೆ ಅದು ಕಚ್ಚಿದವರಿಗೂ ರಕ್ತ ಹೆಪ್ಪುಗಟ್ಟದಿರಬಹುದು, ಮೂತ್ರಪಿಂಡ ಕೆಡಬಹುದು. ಮೂತ್ರಪಿಂಡ ಕೆಟ್ಟರೆ ಬೇಕಾಗುವುದು ಡಯಾಲಿಸಿಸ್, ಅದು ಜಗಲಿಯಲ್ಲಿ ಆಗುವಂಥದ್ದಲ್ಲ.

ರಕ್ತದ ಪರೀಕ್ಷೆ ಎಷ್ಟು ಸರಳವೆಂದರೆ ನೀವು ನಗುತ್ತೀರಿ. ಒಣಗಿದ, ಸ್ವಚ್ಛವಾದ ಗಾಜಿನ ನಳಿಗೆಗೆ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ ಸರಿಯಾಗಿ 20 ನಿಮಿಷ ಬಿಟ್ಟು, ಒಮ್ಮೆ ವಾಲಿಸಿ ನೋಡುವುದು. ಹೆಪ್ಪುಗಟ್ಟಿದ ರಕ್ತ ಮೊಸರಿನಂತೆ ನಿಲ್ಲುತ್ತದೆ, ವಿಷವೇರಿದ ರಕ್ತ ನೀರಿನಂತೆ ಹರಿಯುತ್ತದೆ. ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯವೇ ಇಲ್ಲ. ದೂರದಿಂದ ಫೋಟೋ ಸಿಕ್ಕರೆ ಸರಿ, ಸಿಗದಿದ್ದರೂ ಸರಿ.

ಸಣ್ಣ ಚಿಕ್ಕಮ್ಮ, 8:34
ನೀವು ಗಂಡಸರು ಬರೀ ತೋಟದ ಮಾತನ್ನೇ ಆಡುತ್ತಿದ್ದೀರಿ. ನಮ್ಮ ಪಕ್ಕದ ಮನೆಯ ಹುಡುಗಿಗೆ ಮಲಗಿದಲ್ಲೇ ಕಚ್ಚಿತ್ತು. ಬೆಳಗಿನ ಜಾವ ಹೊಟ್ಟೆನೋವೆಂದು ಅತ್ತಳು, ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕೊಟ್ಟರು. ಕಣ್ಣು ಬಿಡಲಾಗುತ್ತಿಲ್ಲ ಎಂದಾಗ ನಿದ್ದೆಗಣ್ಣು ಎಂದುಕೊಂಡರು. ದೇವರು ದೊಡ್ಡವನು, ಮಗು ಉಳಿಯಿತು.

ನಾನು, 8:41
ಚಿಕ್ಕಮ್ಮಾ, ಅದು ಕಟ್ಟುಹಾವಿನದೇ ಲಕ್ಷಣ. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇಲ್ಲ, ಬಾವೂ ಇಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಆರೋಗ್ಯವಾಗಿ ಮಲಗಿದವರು ಹೊಟ್ಟೆನೋವಿನಿಂದ ಎದ್ದು, ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಕಷಾಯಕ್ಕೆ ಒಲೆ ಹಚ್ಚಬೇಡಿ, 108ಕ್ಕೆ ಫೋನ್ ಮಾಡಿ. ವಾಂತಿ ಬರುವಂತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಉಸಿರು ನಿಂತೇಹೋದರೆ ಆಂಬುಲೆನ್ಸ್ ಬರುವ ತನಕ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿರಬೇಕು. ಆ ವಿಷ ಉಸಿರಾಟದ ಸ್ನಾಯುಗಳನ್ನು ಮಲಗಿಸುತ್ತದೆ, ಹೃದಯ ಇನ್ನೂ ಬಡಿಯುತ್ತಿರಬಹುದು. ನೆಲದಲ್ಲಿ ಮಲಗುವವರಿಗೆ ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಕೊಡಿ, ಅದು ಹಾವನ್ನೂ ತಡೆಯುತ್ತದೆ.

ದೊಡ್ಡಪ್ಪ, 9:02
ಎಲ್ಲವನ್ನೂ ಎರಡು ಸಲ ಓದಿದೆ. ಮಾಡಬಾರದ್ದನ್ನು ಬಹಳ ಹೇಳಿದೆ. ತೋಟದ ನಡುವೆ ಒಬ್ಬನಿಗೆ ಕಚ್ಚಿತು, ರಸ್ತೆಗೆ ಬರಲು ಅರ್ಧ ಮೈಲಿ ಏರಿದೆ, ಆಗ ನನ್ನ ಕೈಗಳು ಏನು ಮಾಡಬೇಕು? ಸುಮ್ಮನೆ ನಿಂತು ನೋಡುವುದು ನನ್ನಿಂದಾಗದು.

ನಾನು, 9:20
ಕೈಗೆ ಕೆಲಸವಿದೆ, ದೊಡ್ಡಪ್ಪಾ. ಮೊದಲು ಅವನನ್ನು ಹಾವಿನಿಂದ ದೂರ ಸರಿಸಿ ಕೂರಿಸಿ, ಹೆದರಬೇಡ ಎಂದು ನಿಮ್ಮ ಗಂಟಲಿನಲ್ಲೇ ಹೇಳಿ. ನೀವು ಹೇಳಿದರೆ ಅವರು ನಂಬುತ್ತಾರೆ. ಬಾವು ಬರುವ ಮೊದಲೇ ಉಂಗುರ, ಕಾಲುಂಗುರ, ಉಡಿದಾರದಂಥ ದಾರ ಏನಿದ್ದರೂ ತೆಗೆಸಿ. ಆಮೇಲೆ ಬಿದ್ದಿರುವ ಅಡಿಕೆ ಹಾಳೆಯೊಂದನ್ನು ತೆಗೆದುಕೊಳ್ಳಿ. ಒದ್ದೆಯಾದ ಹಾಳೆ ಕಾಲಿನ ಆಕಾರಕ್ಕೇ ಬಾಗುತ್ತದೆ, ಅದರೊಳಗೆ ಕಾಲನ್ನಿಟ್ಟು, ಹೊರಗಿನಿಂದ ಅಡಿಕೆ ದಬ್ಬೆಯ ಆಸರೆ ಕೊಟ್ಟು, ಪಂಚೆಯ ತುಂಡಿನಿಂದ ಸಡಿಲವಾಗಿ ಕಟ್ಟಿ. ಮೂಳೆ ಮುರಿದವರಿಗೆ ಕಟ್ಟುವಂತೆಯೇ, ಆದರೆ ಬಟ್ಟೆಯ ಅಡಿಯಲ್ಲಿ ನಿಮ್ಮ ಬೆರಳು ಸಲೀಸಾಗಿ ಓಡಾಡುವಂತಿರಬೇಕು. ಕಂಬಳಿಯಲ್ಲಿ ನಾಲ್ವರು ಹೊತ್ತು ಏರಿ ಹತ್ತಿ, ಅಷ್ಟರಲ್ಲಿ ಒಬ್ಬರು 108ಕ್ಕೂ ತಾಲ್ಲೂಕು ಆಸ್ಪತ್ರೆಗೂ ಫೋನ್ ಮಾಡಿರಲಿ. ಕಚ್ಚಿದ ಹೊತ್ತನ್ನು ಚೀಟಿಯಲ್ಲಿ ಬರೆದು ಜೇಬಿಗಿಡಿ. ಹಾವು ಕಡಿತವನ್ನು 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿರುವುದರಿಂದ ಆ ಮಾಹಿತಿಯನ್ನು ಆಸ್ಪತ್ರೆಯಲ್ಲಿ ಕೇಳಿಯೇ ಕೇಳುತ್ತಾರೆ.

ದೊಡ್ಡಪ್ಪ, 9:33
ಹಾಳೆಯ ಮಾತು ಹಿಡಿಸಿತು. ನಾಳೆ ಬೆಳಗ್ಗೆ ಕೆಲಸದವರು ಬಂದಾಗ ಒಬ್ಬನನ್ನು ಮಲಗಿಸಿ ಕಟ್ಟಿ ನೋಡುತ್ತೇನೆ. ಅಪ್ಪಯ್ಯನ ಕಂಬಳಿ ಇನ್ನೂ ಅಟ್ಟದ ಮೇಲಿದೆ.

ಶಿರಸಿ ಭಾವ, 9:35
ಮಾವಯ್ಯಾ, ಮೇಲಿನ ಆ ಚಿತ್ರವನ್ನು ಅಳಿಸಿಬಿಡಿ. ಇನ್ಯಾರೋ ಈ ಚರ್ಚೆ ಓದದೆ ಅದನ್ನಷ್ಟೇ ಮುಂದಕ್ಕೆ ಕಳಿಸಿಯಾರು.

[ದೊಡ್ಡಪ್ಪ ಕಳಿಸಿದ ಸಂದೇಶವನ್ನು ಅಳಿಸಲಾಗಿದೆ]

ದೊಡ್ಡಪ್ಪ, 9:41
ಅಳಿಸಿದೆ. ಆದರೆ ಸೊಸೈಟಿಯ ಗುಂಪಿಗೆ ಮಧ್ಯಾಹ್ನವೇ ಹಾಕಿದ್ದೆ, ಅಲ್ಲಿ ಈಗ ಅಳಿಸಲು ಬರುತ್ತಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಇದ್ದಾರೆ, ಕೆಲವರು ಆಗಲೇ ಕೈಮುಗಿದ ಚಿತ್ರ ಹಾಕಿದ್ದಾರೆ. ತಂಗೀ, ಹಾಳೆ ಕಟ್ಟುವುದನ್ನೂ ಸೇರಿಸಿ ನಾಲ್ಕು ಸಾಲು ಬರೆದು ಕಳಿಸು. ಮೊದಲು ಹಾಕಿದ್ದು ತಪ್ಪೆಂದು ನನ್ನ ಹೆಸರಿನಲ್ಲೇ ಹಾಕುತ್ತೇನೆ.