ಹಳೇ ಕೋರ್ 2 ಡ್ಯುಯೊದಲ್ಲಿ 1080ಪಿ ತಡವರಿಸುತ್ತೆ: ರ‍್ಯಾಮ್ ಹಾಕಲೇ, ಗ್ರಾಫಿಕ್ಸ್ ಕಾರ್ಡ್ ಹಾಕಲೇ?

ಹಳೇಪೆಟ್ಟಿಗೆ

ಕೋರ್ 2 ಡ್ಯುಯೊ ಇ7500 (2.93 ಗಿಗಾಹರ್ಟ್ಸ್), ಜಿ41 ಬೋರ್ಡ್, ಅದರಲ್ಲೇ ಬಂದ ಗ್ರಾಫಿಕ್ಸ್, 4 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, 64 ಬಿಟ್ ವಿಂಡೋಸ್ 10. ಪ್ಲೇಯರ್ ವಿಎಲ್‌ಸಿ.

720ಪಿ ಸಲೀಸಾಗಿ ಓಡುತ್ತೆ. 1080ಪಿಯಲ್ಲೇ ಗೊಂದಲ. ಎರಡು ಗಂಟೆಯ 8 ಜಿಬಿ ಫೈಲು ಚೆನ್ನಾಗಿ ಓಡುತ್ತೆ, ಅಷ್ಟೇ ಉದ್ದದ 1.5 ಜಿಬಿ ಫೈಲು ನಿಂತು ನಿಂತು ಓಡುತ್ತೆ. ಐದು ನಿಮಿಷದಲ್ಲಿ ತುಟಿಗೂ ಮಾತಿಗೂ ತಾಳೆ ಇರಲ್ಲ. ಯೂಟ್ಯೂಬ್‌ನಲ್ಲಿ 1080ಪಿ ಇಟ್ಟರೆ ಕ್ರೋಮ್ ಸಿಪಿಯುವನ್ನು 100% ತಿನ್ನುತ್ತೆ. ಇನ್ನೊಂದು ವಿಷಯ: ಚೆನ್ನಾಗಿ ಓಡುವ ಫೈಲು ಕೂಡ ಕಾಲು ಗಂಟೆ ಕಳೆದ ಮೇಲೆ ಕೆಲವೊಮ್ಮೆ ಎಳೆದಾಡುತ್ತೆ. ರ‍್ಯಾಮ್ 8 ಜಿಬಿ ಮಾಡಿದರೆ ಸರಿಹೋಗುತ್ತಾ?

ವೇಗದೂತ

8 ಜಿಬಿ ಮಾಡಿ. ಈಗಿನ ಬ್ರೌಸರ್‌ಗಳಿಗೆ 4 ಸಾಲದು.

ಬಿಟ್‌ರೇಟ್

ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದಿಡುವವರಿಗೆ ಆ ಮಾತು ಸರಿ. ವಿಡಿಯೊ ತಡವರಿಕೆಗೂ ರ‍್ಯಾಮ್‌ಗೂ ಇಲ್ಲಿ ಸಂಬಂಧವಿಲ್ಲ. ಡಿಸ್ಕಿಗೂ ಇಲ್ಲ: ಬ್ಲೂರೇ ಚಿತ್ರದ ಗರಿಷ್ಠ ಬಿಟ್‌ರೇಟ್ ಸೆಕೆಂಡಿಗೆ 40 ಮೆಗಾಬಿಟ್, ಅಂದರೆ 5 ಮೆಗಾಬೈಟ್. ಅಷ್ಟನ್ನು ಹಳೇ ತಿರುಗು ಡಿಸ್ಕೂ ಸುಲಭವಾಗಿ ಓದಿಕೊಡುತ್ತೆ.

ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ. ದೊಡ್ಡ ಫೈಲು ಓಡುತ್ತೆ, ಚಿಕ್ಕದು ಓಡಲ್ಲ. ವಿಡಿಯೊವನ್ನು ಒತ್ತಿ ಚಿಕ್ಕದು ಮಾಡಿ ಮತ್ತೆ ಬಿಡಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಚಿಕ್ಕದರ ಕೋಡೆಕ್ ಬಹುಶಃ ಎಚ್‌ಇವಿಸಿ, ಅಂದರೆ ಎಚ್.265. ಹೆಚ್ಚು ಒತ್ತಿ ಮಡಚಿದ ಬಟ್ಟೆಯನ್ನು ಬಿಡಿಸೋಕೆ ಹೆಚ್ಚು ಹೊತ್ತು ಬೇಕು ಅಂತಿಟ್ಟುಕೊಳ್ಳಿ. 2003ರ ಎಚ್.264 ಅನ್ನು ನಿಮ್ಮ ಸಿಪಿಯು ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ವೇಗದಲ್ಲಿ ಹೇಗೋ ನಿಭಾಯಿಸುತ್ತೆ. 2013ರ ಎಚ್‌ಇವಿಸಿ, ಅದರಲ್ಲೂ 10 ಬಿಟ್‌ನದು (ಬಣ್ಣಕ್ಕೆ ಮಾಮೂಲಿ 8ರ ಬದಲು 10 ಬಿಟ್ ಬಳಸುವುದು), ಅದರ ಕೈಲಿ ಆಗಲ್ಲ. ಜಿ45 ಚಿಪ್‌ಸೆಟ್‌ನ ಎಕ್ಸ್4500ಎಚ್‌ಡಿಗೆ ಎಚ್.264 ಬಿಡಿಸುವ ಯಂತ್ರಾಂಶ ಇತ್ತು, ಜಿ41ರ ಎಕ್ಸ್4500ಗೆ ಅದಿಲ್ಲ. ಹಾಗಾಗಿ ಎಲ್ಲ ಭಾರ ಸಿಪಿಯು ಮೇಲೇ.

ಊಹೆ ಬೇಡ, ನೋಡಿ ಖಚಿತ ಮಾಡ್ಕೊಳ್ಳಿ. ವಿಎಲ್‌ಸಿಯಲ್ಲಿ ಫೈಲು ಓಡುತ್ತಿರುವಾಗ ಕಂಟ್ರೋಲ್+ಜೆ ಒತ್ತಿದರೆ ಕೋಡೆಕ್ ಹೆಸರು ಸಿಗುತ್ತೆ. ಪಕ್ಕದ ಸ್ಟ್ಯಾಟಿಸ್ಟಿಕ್ಸ್ ಟ್ಯಾಬಿನಲ್ಲಿ ‘ಲಾಸ್ಟ್’ ಫ್ರೇಮ್‌ಗಳ ಸಂಖ್ಯೆ ಏರ್ತಾ ಇದ್ದರೆ ಸಿಪಿಯು ಸೋಲ್ತಿದೆ ಅಂತಲೇ ಅರ್ಥ.

ಎಂಪಿವಿ ಪ್ಲೇಯರನ್ನೂ ಒಮ್ಮೆ ಹಾಕಿ ನೋಡಿ, ಹಳೇ ಯಂತ್ರದ ಮೇಲೆ ವಿಎಲ್‌ಸಿಗಿಂತ ಹಗುರ ಅನ್ನೋದು ನನ್ನ ಅಭಿಪ್ರಾಯ. ಡೌನ್‌ಲೋಡ್ ಮಾಡುವಾಗ ಹೆಸರಿನಲ್ಲಿ ‘ವಿ3’ ಇರುವುದನ್ನು ತಗೋಬೇಡಿ. ಅದು ಎವಿಎಕ್ಸ್2 ಅನ್ನೋ ಹೊಸ ಸಿಪಿಯುಗಳ ಸೂಚನಾ ಗುಂಪನ್ನು ಕೇಳುತ್ತೆ, ನಿಮ್ಮ ಸಿಪಿಯುನಲ್ಲಿ ಅದಿಲ್ಲ. ಡಬಲ್ ಕ್ಲಿಕ್ ಮಾಡಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತೆ. ಸಾದಾ 64 ಬಿಟ್‌ನದು ಸಾಕು. ಸೆಟ್ಟಿಂಗ್ಸ್ ಫೈಲಿನಲ್ಲಿ ‘ಪ್ರೊಫೈಲ್=ಫಾಸ್ಟ್’ ಅಂತ ಒಂದು ಸಾಲು ಬರೆಯಿರಿ (ಇಂಗ್ಲಿಷ್ ಅಕ್ಷರದಲ್ಲಿ). ಚಿತ್ರ ಹಿಗ್ಗಿಸಿ ಕುಗ್ಗಿಸುವ ದುಬಾರಿ ಫಿಲ್ಟರ್‌ಗಳು ಅದರಿಂದ ಆಫ್ ಆಗುತ್ತವೆ. ಓಡುವಾಗ ‘ಐ’ ಕೀ ಒತ್ತಿದರೆ ಕೋಡೆಕ್, ಬಿಟ್‌ರೇಟ್, ಬಿಟ್ಟುಹೋದ ಫ್ರೇಮ್‌ಗಳು ಎಲ್ಲ ಪರದೆಯ ಮೇಲೇ ಬರುತ್ತೆ.

ಹಳೇಪೆಟ್ಟಿಗೆ

ನೋಡಿದೆ. ದೊಡ್ಡ ಫೈಲು ಎಚ್.264, ಚಿಕ್ಕದು ‘ಎಚ್‌ಇವಿಸಿ ಮೇನ್ 10’. ಚಿಕ್ಕದರಲ್ಲಿ ಬಿಟ್ಟುಹೋದ ಫ್ರೇಮ್‌ಗಳು ನಿಮಿಷಕ್ಕೆ ನೂರರ ಲೆಕ್ಕದಲ್ಲಿ ಏರ್ತಿವೆ. ಯೂಟ್ಯೂಬ್ ಕೂಡ ಇದೇ ಕಥೆಯಾ?

ಮರುಎನ್‌ಕೋಡ್

ಹೌದು, ಹೆಸರು ಮಾತ್ರ ಬೇರೆ. ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಕೋಡೆಕ್ಸ್ ಸಾಲಿನಲ್ಲಿ ‘ಎವಿ01’ ಇದ್ದರೆ ಎವಿ1, ‘ವಿಪಿ09’ ಇದ್ದರೆ ವಿಪಿ9, ‘ಎವಿಸಿ1’ ಇದ್ದರೆ ಎಚ್.264. ನಿಮಗೆ ಬೇಕಾದದ್ದು ಕೊನೆಯದು. ಯೂಟ್ಯೂಬ್ ಎಚ್.264 ಅನ್ನೇ ಕೊಡುವಂತೆ ಮಾಡುವ ಎಚ್264ಇಫೈ ಅನ್ನೋ ಎಕ್ಸ್‌ಟೆನ್ಶನ್ ಹಾಕಿ, ಅದರ ಸೆಟ್ಟಿಂಗ್‌ನಲ್ಲಿ 60 ಫ್ರೇಮ್ ತಡೆಯುವ ಟಿಕ್ ಕೂಡ ಹಾಕಿ. 60 ಫ್ರೇಮ್ ಅಂದರೆ 30ರ ಎರಡರಷ್ಟು ಕೆಲಸ, ಜನ ಇದನ್ನೇ ಮರೀತಾರೆ. ಯೂಟ್ಯೂಬ್ ಎಚ್.264 ಅನ್ನು 1080ಪಿವರೆಗೆ ಮಾತ್ರ ಕೊಡುತ್ತೆ, ಹಾಗಾಗಿ 1440ಪಿ ಆಯ್ಕೆ ಮಾಯವಾದರೆ ಗಾಬರಿ ಬೇಡ. ಇಷ್ಟಾದ ಮೇಲೂ ಬ್ರೌಸರ್‌ನಲ್ಲಿ ಎಳೆದಾಡಿದರೆ 720ಪಿಗೆ ಇಳಿಯಿರಿ. 1920×1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1280×720ರಲ್ಲಿ 9.2 ಲಕ್ಷ. ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತೆ.

ಎಚ್‌ಇವಿಸಿ ಫೈಲುಗಳನ್ನು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ಒಂದ್ಸಲ ಬದಲಾಯಿಸಿಟ್ಟುಕೊಂಡರೆ ತೀರಿತು. ವಿಡಿಯೊ ಟ್ಯಾಬಿನಲ್ಲಿ ಎಚ್.264 (ಎಕ್ಸ್264), ಆರ್‌ಎಫ್ (ಗುಣಮಟ್ಟದ ಅಂಕಿ) 20ರ ಆಸುಪಾಸು, ‘ಫಾಸ್ಟ್ ಡಿಕೋಡ್’ ಟಿಕ್, ಆಡಿಯೊ ಪಾಸ್‌ಥ್ರೂ (ಸದ್ದನ್ನು ಬದಲಾಯಿಸದೆ ಹಾಗೇ ಬಿಡೋದು). ಫಾಸ್ಟ್ ಡಿಕೋಡ್ ಹಾಕಿದರೆ ಕಬಾಕ್ (ಇನ್ನಷ್ಟು ಒತ್ತುವ ಹಂತ), ಡಿಬ್ಲಾಕಿಂಗ್ (ಚಿತ್ರದ ಚೌಕಗಳ ಅಂಚು ನಯಗೊಳಿಸುವ ಫಿಲ್ಟರ್) ಎರಡನ್ನೂ ಎನ್‌ಕೋಡರ್ ಕೈಬಿಡುತ್ತೆ. ಫೈಲು ದಪ್ಪ ಆಗುತ್ತೆ, ಬಿಡಿಸೋದು ಹಗುರ ಆಗುತ್ತೆ. ಎಚ್.264ರ 10 ಬಿಟ್ ಆಯ್ಕೆ ಮುಟ್ಟಲೇಬೇಡಿ, ಬಹುತೇಕ ಗ್ರಾಫಿಕ್ಸ್ ಕಾರ್ಡ್‌ಗಳಿಗೂ ಅದನ್ನು ಬಿಡಿಸೋಕೆ ಬರಲ್ಲ. ಈ ಕೆಲಸ ಇ7500 ಮೇಲೆ ಮಾಡಿದರೆ ಒಂದು ಚಿತ್ರಕ್ಕೆ ಇಡೀ ರಾತ್ರಿ ಹಿಡಿದರೂ ಆಶ್ಚರ್ಯವಿಲ್ಲ; ಹೊಸ ಕಂಪ್ಯೂಟರ್ ಕೈಗೆ ಸಿಕ್ಕರೆ ಅದರಲ್ಲೇ ಮಾಡಿ.

ಬಿಟ್‌ರೇಟ್

ಅಂಚಿನಲ್ಲಿರುವ ಎಚ್.264 ಫೈಲುಗಳಿಗೆ ಇನ್ನೊಂದು ದಾರಿ: ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್/ಕೋಡೆಕ್ಸ್ ಒಳಗೆ ಡಿಬ್ಲಾಕಿಂಗ್ ಫಿಲ್ಟರ್ ಬಿಟ್ಟುಬಿಡುವ ಆಯ್ಕೆ ಇದೆ. ಮೊದಲು ‘ನಾನ್-ರೆಫ್’ ಇಡಿ. ಬೇರೆ ಫ್ರೇಮ್‌ಗಳು ಅವಲಂಬಿಸದ ಫ್ರೇಮ್‌ಗಳಲ್ಲಿ ಮಾತ್ರ ಫಿಲ್ಟರ್ ಬಿಡೋದರಿಂದ ಕಣ್ಣಿಗೆ ಗೊತ್ತಾಗಲ್ಲ. ‘ಆಲ್’ ಇಟ್ಟರೆ ಉಳಿತಾಯ ಜಾಸ್ತಿ, ಆದರೆ ತಪ್ಪು ಒಂದರಿಂದ ಒಂದಕ್ಕೆ ಸಾಗಿ ಮುಂದಿನ ಕೀ ಫ್ರೇಮ್‌ವರೆಗೆ (ಬೇರೆ ಫ್ರೇಮ್ ಅವಲಂಬಿಸದ ಪೂರ್ತಿ ಚಿತ್ರ) ಮುಖಗಳೆಲ್ಲ ಚೌಕ ಚೌಕ ಆಗುತ್ತವೆ. ಕ್ಯಾಶಿಂಗ್ (ಮುಂಗಡವಾಗಿ ಓದಿಟ್ಟುಕೊಳ್ಳೋದು) ಮಿಲಿಸೆಕೆಂಡ್ ಏರಿಸಿ ಅಂತ ಎಲ್ಲ ಕಡೆ ಬರೆದಿರ್ತಾರೆ. ದೂರದ ಡಿಸ್ಕಿನಿಂದ ವೈಫೈ ಮೇಲೆ ನೋಡುವವರಿಗೆ ಅದು ಉಪಯೋಗ, ಸೋತ ಸಿಪಿಯುಗೆ ಅದರಿಂದ ಏನೂ ಆಗಲ್ಲ.

ಕಾರ್ಡ್‌ಪ್ರಿಯ

ಕಾರ್ಡ್ ಹಾಕೋ ಯೋಚನೆ ಇದ್ದರೆ ಇಷ್ಟು ಗಮನಿಸಿ. ಜಿಟಿ 710 (19 ವ್ಯಾಟ್) ಎಚ್.264 ಬಿಡಿಸುತ್ತೆ; ಎಚ್‌ಇವಿಸಿ, ವಿಪಿ9 ಬಿಡಿಸಲ್ಲ. ಅಂದರೆ ನಿಮ್ಮ ತೊಂದರೆಯ ಫೈಲು ಹಾಗೇ ಉಳಿಯುತ್ತೆ. ಜಿಟಿ 1030 (30 ವ್ಯಾಟ್) 10 ಬಿಟ್ ಎಚ್‌ಇವಿಸಿಯನ್ನೂ ವಿಪಿ9ನ್ನೂ ಬಿಡಿಸುತ್ತೆ, ಎವಿ1 ಮಾತ್ರ ಇಲ್ಲ. ಎರಡಕ್ಕೂ ಪ್ರತ್ಯೇಕ ಪವರ್ ಕೇಬಲ್ ಬೇಡ, ಪಿಸಿಐ ಎಕ್ಸ್‌ಪ್ರೆಸ್‌ನ ಉದ್ದ ಸ್ಲಾಟ್ ಸಾಕು. ಕ್ಯಾಬಿನೆಟ್ ಸಣ್ಣದಾದರೆ ಗಿಡ್ಡ ಬ್ರಾಕೆಟ್ ಕೇಳಿ. ಹಳೇ ಬಯೋಸ್ ಇರುವ ಕೆಲವು ಬೋರ್ಡ್‌ಗಳಲ್ಲಿ ಇಂಥ ಕಾರ್ಡ್ ಹಾಕಿದರೆ ಪರದೆಯೇ ಹತ್ತಲ್ಲ. ಕೊಳ್ಳೋ ಮುಂಚೆ ವಾಪಸ್ ಮಾಡಬಹುದಾ ಕೇಳಿಟ್ಟುಕೊಳ್ಳಿ.

ಹಾಕಿದ ಮೇಲೆ ಎಂಪಿವಿಯಲ್ಲಿ ‘ಎಚ್‌ಡಬ್ಲ್ಯುಡೆಕ್=ಆಟೊ’ ಸೇರಿಸಿ. ಕೆಲಸ ನಿಜಕ್ಕೂ ಕಾರ್ಡಿಗೆ ಹೋಯಿತಾ ಅಂತ ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’ ಗೆರೆ ನೋಡಿ. ಈಗ ನಿಮಗೆ ಆ ಪುಟ ಕಾಣದಿದ್ದರೆ ಅದು ಹಳೇ ಡ್ರೈವರ್‌ನಿಂದ.

ಹಳೇಪೆಟ್ಟಿಗೆ

ಎಕ್ಸ್‌ಟೆನ್ಶನ್ ಹಾಕಿದೆ, ಯೂಟ್ಯೂಬ್ ಈಗ ‘ಎವಿಸಿ1’ ತೋರಿಸ್ತಿದೆ, 1080ಪಿ 30 ಫ್ರೇಮ್ ಓಡ್ತಿದೆ. ಆದರೆ ಕಾಲು ಗಂಟೆ ನಂತರದ ಎಳೆದಾಟ ಇನ್ನೂ ಇದೆ.

ಧೂಳುಫ್ಯಾನ್

ಅದು ಕೋಡೆಕ್ ಅಲ್ಲ, ಬಿಸಿ. ಫೈಲು ಮೊದಲಿಂದಲೇ ತಡವರಿಸಿದರೆ ಕೋಡೆಕ್ ಭಾರ. ಚೆನ್ನಾಗಿ ಶುರುವಾಗಿ ಆಮೇಲೆ ಕೆಟ್ಟರೆ ಸಿಪಿಯು ಕಾದು ವೇಗ ಇಳಿಸ್ತಿದೆ. ಎಚ್‌ಡಬ್ಲ್ಯುಇನ್ಫೋ ಅನ್ನೋ ತಂತ್ರಾಂಶದಲ್ಲಿ ಸಿಪಿಯು ತಾಪ ನೋಡ್ತಾ ಅದೇ ಫೈಲನ್ನು 20 ನಿಮಿಷ ಓಡಿಸಿ. 90 ಡಿಗ್ರಿ ದಾಟಿದರೆ ಹೀಟ್‌ಸಿಂಕ್ (ಸಿಪಿಯು ಮೇಲೆ ಕೂತು ಬಿಸಿ ಹೀರುವ ಲೋಹದ ಭಾಗ) ಬಿಚ್ಚಲೇಬೇಕು.

ಈ ಸಾಕೆಟ್‌ನ ಕಂಪನಿ ಕೂಲರ್ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳ ಮೇಲೆ ನಿಂತಿರುತ್ತೆ, ಒಂದು ಸಡಿಲವಾದರೂ ಹೀಟ್‌ಸಿಂಕ್ ಒಂದು ಕಡೆ ಎದ್ದು ಕೂರುತ್ತೆ. ಬಿಚ್ಚುವ ಮೊದಲು ಒಂದೊಂದನ್ನೇ ಮೆಲ್ಲಗೆ ಅಲ್ಲಾಡಿಸಿ ನೋಡಿ. ತೆಗೆಯೋಕೆ ಪಿನ್ ತಲೆಯನ್ನು ಬಾಣದ ಗುರುತಿನ ಕಡೆ ಕಾಲು ಸುತ್ತು ತಿರುಗಿಸಿ ಮೇಲೆತ್ತಿ. ಸಿಪಿಯುನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸುವ ಪೇಸ್ಟ್ ಒಣಗಿರುತ್ತೆ, ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಸಿಪಿಯು ಮೇಲೆ ನಡುಮಧ್ಯೆ ಚಿಕ್ಕ ಬಟಾಣಿಯಷ್ಟು ಹೊಸ ಪೇಸ್ಟ್ ಇಡಿ, ಹರಡಬೇಡಿ. ಮತ್ತೆ ಕೂರಿಸುವಾಗ ನಾಲ್ಕೂ ತಲೆಗಳನ್ನು ಮೊದಲಿನ ದಿಕ್ಕಿಗೆ ತಿರುಗಿಸಿಟ್ಟು, ಎದುರುಬದುರಿನ ಜೋಡಿಯಂತೆ ಒತ್ತಿ. ಪ್ರತಿ ಪಿನ್ ‘ಟಕ್’ ಅನ್ನಬೇಕು. ಬೋರ್ಡಿನ ಹಿಂಭಾಗ ಕಾಣುವ ಹಾಗಿದ್ದರೆ ನಾಲ್ಕು ಕಾಲುಗಳೂ ಕವಲೊಡೆದು ಹೊರಬಂದಿವೆಯಾ ನೋಡಿ. ಮೂರೇ ಬಂದಿದ್ದರೆ ಕಂಪ್ಯೂಟರ್ ಆನ್ ಮಾಡಬೇಡಿ, ತೆಗೆದು ಮತ್ತೆ ಕೂರಿಸಿ.